ಮೂರು ಬೆಟ್ಟಗಳ ಪಂಥ

(ಗೌಡಗೆರೆಯ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

“ದೂರದ ಬೆಟ್ಟ ನುಣ್ಣಗೆ” ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಮಧುಗಿರಿಯ ಬೆಟ್ಟವನ್ನು ಕಂಡಿರಲಾರರೆಂದು ತೋರುತ್ತದೆ. ಅದು ದೂರದಿಂದ ನೋಡಿದರೂ ನುಣ್ಣಗೆ. ಹತ್ತಿರ ಹೋಗಿ ಕೈಯಿಟ್ಟು ನೋಡಿದರೂ ನುಣ್ಣಗೆ. ಏರುವವನ ಕಷ್ಟವೆಲ್ಲ ಆ ನುಣುಪಿನಲ್ಲಿಯೇ ಅಡಗಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಕ್ಕಳಾದ ನಮಗೆ ಬೆಟ್ಟವೆಂದರೆ ಹೊಸದಲ್ಲ. ದನಕುರಿಗಳ ಹಿಂದೆ, ಸೀತಾಫಲದ ಆಸೆಗೆ, ಶ್ರಾವಣ ಶನಿವಾರದ ಪೂಜೆಗೆ ಬೆಟ್ಟದ ತಪ್ಪಲಿಗೆ ಹೋಗದವರು ನಮ್ಮಲ್ಲಿ ವಿರಳ. ಆದರೆ ಒಂದಾದಮೇಲೊಂದರಂತೆ ಹಲವು ಬೆಟ್ಟಗಳನ್ನು, ಗೊತ್ತುಮಾಡಿದ ಅವಧಿಯೊಳಗೆ, ಮಾರ್ಗದರ್ಶಿಯೊಬ್ಬನ ಹಿಂದೆ ಸಾಲಾಗಿ ಏರಿ ಇಳಿಯುವ ಪದ್ಧತಿಯೊಂದು ಈಚೆಗೆ ನಮ್ಮ ಸೀಮೆಗೂ ಬಂದಿದೆ. ಶನಿವಾರ ಭಾನುವಾರಗಳಲ್ಲಿ ಬೆಂಗಳೂರಿನಿಂದ ತಂಡತಂಡವಾಗಿ ಜನ ಇದಕ್ಕಾಗಿಯೇ ಬರುತ್ತಾರೆ. ಇದನ್ನು ಅವರು ‘ಚಾಲೆಂಜ್’ ಎನ್ನುತ್ತಾರೆ; ನಮ್ಮ ಮಾತಿನಲ್ಲಿ ‘ಪಂಥ’ವೆನ್ನಬಹುದು. ಕಳೆದ ದಸರಾ ರಜೆಯಲ್ಲಿ ನಾನೂ ಅಂಥದೊಂದು ಪಂಥದಲ್ಲಿ ಸೇರಿದ್ದೆ. ಇದರ ಸ್ವರೂಪವೇನು, ಲೆಕ್ಕಾಚಾರವೇನು, ಅಪಾಯಗಳೇನು, ನಮ್ಮಂಥ ವಿದ್ಯಾರ್ಥಿಗಳಿಗೆ ಇದರಿಂದ ಆಗಬೇಕಾದ್ದೇನು ಎಂಬುದನ್ನು ಸ್ವಾನುಭವದೊಡನೆ ಬೆರೆಸಿ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಪಂಥದ ನಿಯಮಗಳನ್ನು ಹೇಳುತ್ತೇನೆ. ಏರಬೇಕಾದ ಬೆಟ್ಟಗಳ ಪಟ್ಟಿ ಮೊದಲೇ ನಿಶ್ಚಯವಾಗಿರುತ್ತದೆ. ಎಷ್ಟು ಗಂಟೆ ಅಥವಾ ಎಷ್ಟು ದಿನದೊಳಗೆ ಮುಗಿಸಬೇಕೆಂಬುದೂ ನಿಶ್ಚಿತ. ಒಂದು ಬೆಟ್ಟದ ಬುಡದಿಂದ ಇನ್ನೊಂದರ ಬುಡಕ್ಕೆ ವಾಹನದಲ್ಲಿ ಹೋಗಬಹುದು. ಬುಡದಿಂದ ನೆತ್ತಿಗೆ, ನೆತ್ತಿಯಿಂದ ಬುಡಕ್ಕೆ ಮಾತ್ರ ಕಾಲ್ನಡಿಗೆಯೇ. ತಂಡಕ್ಕೆ ಒಬ್ಬ ಮುಖ್ಯ ಮಾರ್ಗದರ್ಶಿ, ಎಲ್ಲರಿಗಿಂತ ಹಿಂದೆ ನಡೆಯುವ ಒಬ್ಬ ಸಹಾಯಕ, ಆ ಊರಿನ ಬೆಟ್ಟವನ್ನು ಬಲ್ಲ ಒಬ್ಬ ಸ್ಥಳೀಯ, ಹೀಗೆ ಮೂವರಾದರೂ ಇರುತ್ತಾರೆ. ನಾನು ಸೇರಿದ್ದ ತಂಡದಲ್ಲಿ 22 ಮಂದಿ. ಎರಡು ದಿನಗಳಲ್ಲಿ ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ ಎಂಬ ಮೂರು ಬೆಟ್ಟಗಳು. ಆ 22 ಮಂದಿಯಲ್ಲಿ ನಮ್ಮ ಜಿಲ್ಲೆಯವರು ಮೂವರೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಆ ಮಾತಿಗೆ ಕಡೆಯಲ್ಲಿ ಬರುತ್ತೇನೆ.

ಈ ಪದ್ಧತಿ ಹುಟ್ಟಿದ್ದೆಲ್ಲಿ? 1887ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಗಿಗಲ್ಸ್‌ವಿಕ್ ಶಾಲೆಯ ಇಬ್ಬರು ಉಪಾಧ್ಯಾಯರು ತಮ್ಮ ಸುತ್ತಿನ ಮೂರು ಬೆಟ್ಟಗಳನ್ನು ಒಂದೇ ಹಗಲಿನಲ್ಲಿ ನಡೆದು ಮುಗಿಸಿದರಂತೆ. ಇಂದಿಗೂ ಪೆನಿಗೆಂಟ್, ವರ್ನ್‌ಸೈಡ್, ಇಂಗಲ್‌ಬರೊ ಎಂಬ ಆ ಮೂರು ಬೆಟ್ಟಗಳನ್ನು 12 ಗಂಟೆಗಳೊಳಗೆ ಸುತ್ತಿ ಬರುವವರು ಸಾವಿರಾರು. ಉಪಾಧ್ಯಾಯರಿಂದ ಮೊದಲಾದ ಪಂಥವಿದು ಎಂಬುದು ನಮ್ಮ ಅಧ್ಯಾಪಕ ವರ್ಗಕ್ಕೆ ಸಂತೋಷ ಕೊಡಬಹುದಾದ ಸಂಗತಿ. 1891ರಲ್ಲಿ ಸರ್ ಹ್ಯೂ ಮನ್ರೊ ಎಂಬಾತ ಸ್ಕಾಟ್ಲೆಂಡಿನಲ್ಲಿ 3,000 ಅಡಿಗೆ ಮೀರಿದ ಶಿಖರಗಳ ಪಟ್ಟಿಯನ್ನು ಪ್ರಕಟಿಸಿದ. ಈಗ ಆ ಪಟ್ಟಿಯಲ್ಲಿ 282 ಶಿಖರಗಳಿವೆ. ಅವನ್ನೆಲ್ಲ ಏರಿ ಮುಗಿಸುವುದನ್ನೇ ಜೀವಮಾನದ ವ್ರತವಾಗಿ ಹಿಡಿದವರಿದ್ದಾರೆ. ಜಪಾನಿನಲ್ಲಿ ಫುಕಾದಾ ಕ್ಯೂಯಾ ಎಂಬ ಲೇಖಕ 1964ರಲ್ಲಿ ತನ್ನ ದೇಶದ ನೂರು ಪ್ರಸಿದ್ಧ ಪರ್ವತಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಅದೇ ಅಲ್ಲಿನ ಚಾರಣಿಗರಿಗೆ ಪಟ್ಟಿಯಾಯಿತು. ಬ್ರಿಟನ್ನಿನ ಮೂರು ನಾಡುಗಳ ಅತ್ಯುನ್ನತ ಶಿಖರಗಳಾದ ಬೆನ್ ನೆವಿಸ್, ಸ್ಕಾಫೆಲ್ ಪೈಕ್, ಸ್ನೋಡನ್ ಇವನ್ನು 24 ಗಂಟೆಗಳಲ್ಲಿ ಏರುವ ಪಂಥವೂ ಲೋಕಪ್ರಸಿದ್ಧ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಬೆನ್ ನೆವಿಸ್‌ನ ಎತ್ತರ 1,345 ಮೀಟರು. ಮಧುಗಿರಿಯ ಎತ್ತರ ಸುಮಾರು 3,900 ಅಡಿ, ಎಂದರೆ 1,190 ಮೀಟರಿನಷ್ಟು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಎರಡಕ್ಕೂ ಹೆಚ್ಚು ಅಂತರವಿಲ್ಲವೆಂದು ತೋರುತ್ತದೆ. ಆದರೆ ಇವೆಲ್ಲ ಸಮುದ್ರಮಟ್ಟದಿಂದ ಅಳೆದ ಎತ್ತರಗಳು. ಬೆನ್ ನೆವಿಸ್ ಏರುವವನು ಹೆಚ್ಚುಕಡಮೆ ಸಮುದ್ರದ ಮಟ್ಟದಿಂದಲೇ ಹೊರಡುತ್ತಾನೆ. ನಾವಾದರೊ ಈಗಾಗಲೆ ಪೀಠಭೂಮಿಯ ಮೇಲೆ ನಿಂತವರು. ಮಧುಗಿರಿಯ ಪೇಟೆಯೇ 2,500 ಅಡಿಗಳ ಮೇಲಿದೆ. ಆದುದರಿಂದ ನಮ್ಮ ಕಾಲು ಏರುವುದು ಸುಮಾರು 1,300 ಅಡಿ ಮಾತ್ರ. ಶಿಖರದ ಎತ್ತರ ಬೇರೆ, ಏರುವ ಎತ್ತರ ಬೇರೆ. ಪಂಥಕ್ಕೆ ಹೊರಡುವವನು ಮೊದಲು ಕೇಳಬೇಕಾದದ್ದು ಎರಡನೆಯದನ್ನು. ಮೂರು ಬೆಟ್ಟಗಳ ಏರುವೆತ್ತರವನ್ನು ಕೂಡಿಸಿದಾಗ ಬರುವ ಮೊತ್ತವೇ ಅವನ ನಿಜವಾದ ಬೆಟ್ಟ.

ಪರದೇಶದ ಮಾತು ಹಾಗಿರಲಿ. ಸಾಲಾಗಿ ಬೆಟ್ಟಗಳನ್ನು ಎಣಿಸುವುದು ನಮಗೆ ಅವರು ಕಲಿಸಿದ್ದಲ್ಲ. ತಿರುಪತಿಗೆ ಕಾಲ್ನಡಿಗೆಯಲ್ಲಿ ಹೋದ ನಮ್ಮ ಹಿರಿಯರು ಏಳು ಬೆಟ್ಟಗಳನ್ನು ಎಣಿಸುತ್ತಲೇ ಏರಿದರು. ಬೆಂಗಳೂರಿನ ಸುತ್ತಿನ ಕೋಟೆಬೆಟ್ಟಗಳನ್ನು ‘ನವದುರ್ಗ’ಗಳೆಂದು ಕರೆಯುವ ವಾಡಿಕೆಯಿದೆ: ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಕಬ್ಬಾಳದುರ್ಗ, ಮಾಕಳಿದುರ್ಗ, ನಂದಿದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ. ಈ ಒಂಬತ್ತನ್ನೂ ಮುಗಿಸುವುದು ಬೆಂಗಳೂರಿನ ಚಾರಣಿಗರ ಮೆಚ್ಚಿನ ಪಂಥ. ಒಂಬತ್ತರಲ್ಲಿ ನಾಲ್ಕು ನಮ್ಮ ತುಮಕೂರು ಜಿಲ್ಲೆಯವು ಎಂಬುದನ್ನು ಎಷ್ಟು ಮಂದಿ ಬಲ್ಲರು? ಹುತ್ರಿದುರ್ಗ, ಹುಲಿಯೂರುದುರ್ಗಗಳು ಕುಣಿಗಲ್ ತಾಲ್ಲೂಕಿನವು, ದೇವರಾಯನದುರ್ಗ ತುಮಕೂರಿನದು, ಚನ್ನರಾಯನದುರ್ಗ ಕೊರಟಗೆರೆಯದು. ಇನ್ನೊಂದು ಸ್ವಾರಸ್ಯವೆಂದರೆ, ಇವುಗಳಲ್ಲಿ ಹಲವಕ್ಕಿಂತ ಭೀಮಾಕಾರವಾದ ಮಧುಗಿರಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಪಟ್ಟಿ ಕಟ್ಟಿದವರ ಕಣ್ಣು ಬೆಂಗಳೂರಿನಲ್ಲಿ ನಿಂತು ನೋಡಿತು. ಗೌಡಗೆರೆಯಲ್ಲಿ ನಿಂತು ಪಟ್ಟಿ ಮಾಡುವವನು ಮಧುಗಿರಿಯಿಂದಲೇ ಆರಂಭಿಸಿಯಾನು.

ಈ ಬೆಟ್ಟಗಳೆಲ್ಲ ಹೀಗೆ ಸಾಲಾಗಿ ನಿಂತಿರುವುದಕ್ಕೆ ಭೂಗರ್ಭಶಾಸ್ತ್ರದಲ್ಲಿ ಕಾರಣವಿದೆ. ರಾಮನಗರದ ಕಡೆಯಿಂದ ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೆ ಉದ್ದನೆಯ ಪಟ್ಟೆಯಂತೆ ಒಂದು ಬಗೆಯ ಕಣಶಿಲೆ ಹಬ್ಬಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಶಾಸ್ತ್ರಜ್ಞರು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದರು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಸಾವನದುರ್ಗ, ಮಧುಗಿರಿ, ಪಾವಗಡ ಎಲ್ಲವೂ ಈ ಪಟ್ಟೆಯ ಮೇಲೆ ಎದ್ದ ಗುಡ್ಡಗಳು. ಭೂಮಿಯ ಆಳದಲ್ಲಿ ತಣ್ಣಗಾಗಿ ಗಟ್ಟಿಯಾದ ಈ ಶಿಲೆಯ ಮೇಲಿದ್ದ ಮಣ್ಣುಕಲ್ಲಿನ ಭಾರ ಕಾಲಾಂತರದಲ್ಲಿ ಸವೆದುಹೋಯಿತು. ಭಾರ ಇಳಿದಂತೆ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿರಿದು ಕಳಚಿತು. ಬೋಳುತಲೆಯಂಥ ಆಕಾರ ಬಂದುದು ಹೀಗೆ. ಇದು ಕೇವಲ ಪಾಠದ ಮಾತಲ್ಲ. ಕಳಚಿಕೊಳ್ಳುತ್ತಿರುವ ಪದರದ ಮೇಲೆ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ. ನಮ್ಮ ಸ್ಥಳೀಯ ಮಾರ್ಗದರ್ಶಿ, ಐವತ್ತು ದಾಟಿದ ಒಬ್ಬ ಮೇಕೆ ಕಾಯುವವರು, ಕೋಲಿನಿಂದ ಬಂಡೆಯನ್ನು ತಟ್ಟಿ ತಟ್ಟಿ ಆ ಸದ್ದನ್ನು ನಮಗೆ ಕೇಳಿಸಿದರು. ಶಾಸ್ತ್ರದ ಹೆಸರು ಅವರಿಗೆ ತಿಳಿಯದು. ಶಾಸ್ತ್ರ ಅವರ ಕೋಲಿನ ತುದಿಯಲ್ಲಿತ್ತು.

ಹೀಗೆ ಬೋಳಾಗಿ, ಕಡಿದಾಗಿ ನಿಂತ ಬೆಟ್ಟಗಳನ್ನು ಪಾಳೆಯಗಾರರು ಕೋಟೆಗೆ ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಹಿಂದೆ ಮದ್ದಗಿರಿ ಎನಿಸಿದ್ದ ಮಧುಗಿರಿ ಅಲ್ಲಿನ ಗೌಡ ಮನೆತನದ ಪಾಳೆಯಗಾರರ ವಶದಲ್ಲಿತ್ತು. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಸೇರಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಈ ಕೋಟೆಯಲ್ಲಿಯೇ ಸೆರೆಯಿಟ್ಟ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಇಂದು ನಾವು ವಿನೋದಕ್ಕಾಗಿ ಏರಿ ಇಳಿಯುವ ಮೆಟ್ಟಿಲುಗಳಲ್ಲಿ ಒಬ್ಬ ರಾಣಿ ನಾಲ್ಕು ವರ್ಷ ಇಳಿಯಲಾಗದೆ ಉಳಿದಳು. ಕೋಟೆಯ ವಾಸ್ತುವಿನ ಗುರಿಯೇ ಏರುವವನನ್ನು ತಡೆಯುವುದು: ಒಂದರ ಹಿಂದೊಂದು ಬಾಗಿಲು, ನೇರವಾಗಿ ಹೋಗಲು ಬಿಡದ ತಿರುವು, ಒಬ್ಬನೇ ನಿಲ್ಲಬಹುದಾದಷ್ಟು ಬಂಡೆಯಲ್ಲಿ ಕೊರೆದ ಮೆಟ್ಟಿಲು. ಪಂಥಕ್ಕೆ ಬಂದವನು ಆ ಕಾಲದ ಶತ್ರುಸೈನಿಕನ ಕಷ್ಟವನ್ನೇ ಅನುಭವಿಸುತ್ತಾನೆ. ಮೇಲಿನಿಂದ ಯಾರೂ ಕಲ್ಲುರುಳಿಸುವುದಿಲ್ಲವೆಂಬುದೊಂದೇ ಸಮಾಧಾನ.

ಇನ್ನು ಲೆಕ್ಕಾಚಾರಕ್ಕೆ ಬರೋಣ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟ: ಪ್ರತಿ ಮೂರು ಮೈಲಿ ನಡಿಗೆಗೆ ಒಂದು ಗಂಟೆ, ಅದಲ್ಲದೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಮಧುಗಿರಿಯ ದಾರಿ ಎರಡು ಕಿಲೋಮೀಟರ್, ಎಂದರೆ ಒಂದೂಕಾಲು ಮೈಲಿ ಎಂದಿಟ್ಟುಕೊಂಡರೆ ನಡಿಗೆಗೆ 25 ನಿಮಿಷ. 1,300 ಅಡಿ ಏರಿಗೆ ಸುಮಾರು 40 ನಿಮಿಷ. ಒಟ್ಟು ಒಂದು ಗಂಟೆ ಐದು ನಿಮಿಷ. ಆದರೆ ನಮ್ಮ ತಂಡ ಮೇಲೆ ಮುಟ್ಟಲು ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಸೂತ್ರ ಸುಳ್ಳೇ? ಅಲ್ಲ. ಅದು ಒಳ್ಳೆಯ ದಾರಿಯಲ್ಲಿ, ತಂಪು ಹವೆಯಲ್ಲಿ, ಒಬ್ಬ ಗಟ್ಟಿಗ ನಡೆಯುವ ವೇಗ. ಇಲ್ಲಿ ನುಣುಪು ಬಂಡೆಯ ಮೇಲೆ ಕಬ್ಬಿಣದ ಕಂಬಿ ಹಿಡಿದು ಒಬ್ಬೊಬ್ಬರಾಗಿ ಏರಬೇಕು. ಮುಂದಿನವನು ಮುಗಿಸುವವರೆಗೆ ಹಿಂದಿನವನು ಕಾಯಬೇಕು. 22 ಮಂದಿಯ ತಂಡದ ವೇಗ ಇಪ್ಪತ್ತೆರಡನೆಯವನ ವೇಗವೇ ಹೊರತು ಮೊದಲನೆಯವನದಲ್ಲ. ಆದುದರಿಂದ ನಮ್ಮ ಸೀಮೆಯ ಬಂಡೆಬೆಟ್ಟಗಳಿಗೆ ಸೂತ್ರದ ಕಾಲವನ್ನು ಇಮ್ಮಡಿ ಮಾಡಿಕೊಳ್ಳುವುದು ಕ್ಷೇಮ.

ಇಳಿಯುವುದು ಸುಲಭವೆಂಬುದು ಎರಡನೆಯ ಭ್ರಮೆ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗ ದೇಹದ ಭಾರವನ್ನು ತಡೆದು ಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ಈ ಎರಡನೆಯ ದುಡಿಮೆಯಿಂದ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು. ಏರುವಾಗ ಉಬ್ಬಸ, ಇಳಿಯುವಾಗ ನಡುಕ; ನೋವು ಮಾತ್ರ ಆ ದಿನವಲ್ಲ, ಮಾರನೆಯ ದಿನದಿಂದ ಮೂರನೆಯ ದಿನದವರೆಗೆ ಬಲಿಯುತ್ತದೆ. ಒಂದೇ ಬೆಟ್ಟಕ್ಕೂ ಹಲವು ಬೆಟ್ಟಗಳಿಗೂ ಇರುವ ಭೇದವೆಲ್ಲ ಇದರಲ್ಲಿದೆ. ಎರಡನೆಯ ದಿನದ ಬೆಟ್ಟವನ್ನು ಮೊದಲನೆಯ ದಿನದ ಕಾಲಿನಿಂದಲೇ ಹತ್ತಬೇಕು. ಹೀಗಾಗಿ ಅಭ್ಯಾಸಕ್ಕೆ ಓಟಕ್ಕಿಂತ ಮೆಟ್ಟಿಲಿಳಿತವೇ ಮೇಲು. ನಾನು ಹೊರಡುವ ಮುಂಚೆ ಆರು ವಾರ ಕಾಲೇಜಿನ ಮಾಳಿಗೆಯ ಮೆಟ್ಟಿಲುಗಳನ್ನು ಬೆನ್ನಿಗೆ ಪುಸ್ತಕದ ಚೀಲ ಹೇರಿಕೊಂಡು ಹತ್ತಿ ಇಳಿದೆ. ನೋಡಿ ನಕ್ಕ ಮಿತ್ರರಿಗೆ ಈಗ ಕಾರಣ ತಿಳಿದಿರಬಹುದು.

ನಮ್ಮ ಕಡೆ ಬೆಟ್ಟ ಏರುವವನ ನಿಜವಾದ ಎದುರಾಳಿ ಎತ್ತರವಲ್ಲ, ಬಿಸಿಲು. ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿ 13,000 ಎಕರೆಗಳಲ್ಲಿ ಸೌರವಿದ್ಯುತ್ ಉದ್ಯಾನವನ್ನು ಸ್ಥಾಪಿಸಿ 2,000 ಮೆಗಾವ್ಯಾಟಿಗೂ ಮೀರಿ ವಿದ್ಯುತ್ ಪಡೆಯುವ ಏರ್ಪಾಡು ಮಾಡಿರುವುದು ಈ ಸೀಮೆಯ ಬಿಸಿಲನ್ನು ನಂಬಿಯೇ. ಆ ಬಿಸಿಲನ್ನು ಬೋಳು ಬಂಡೆ ಹೀರಿ ಕೆಳಗಿನಿಂದಲೂ ಉಗುಳುತ್ತದೆ, ನೆರಳಿಗೆ ಮರವಿಲ್ಲ. ಬೆವರಿನ ಮೂಲಕ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಹೋಗುವುದು ಸಾಮಾನ್ಯ. ಆದುದರಿಂದ ತಲೆಗೆ ಮೂರು ಲೀಟರ್ ನೀರು ನಮ್ಮ ತಂಡದ ಕಟ್ಟಳೆ. ಸೂರ್ಯೋದಯಕ್ಕೆ ಮುಂಚೆ ಹೊರಟು ಬಿಸಿಲೇರುವ ಮುನ್ನ ಇಳಿಯುವುದು ಎರಡನೆಯ ಕಟ್ಟಳೆ. ಬರಿಯ ನೀರು ಸಾಲದು, ಬೆವರಿನೊಡನೆ ಹೋದ ಉಪ್ಪೂ ಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಮನೆಯಲ್ಲಿಯೇ ತಕ್ಕ ಪಾನೀಯ ಸಿದ್ಧ. ಆಹಾರಕ್ಕೆ ಪೇಟೆಯ ಬಣ್ಣದ ಪೊಟ್ಟಣಗಳನ್ನು ತಂದವರು ಹಲವರಿದ್ದರು. ನನ್ನ ತಾಯಿ ಕಟ್ಟಿಕೊಟ್ಟದ್ದು ಹುರಿದ ಕಡಲೆಕಾಯಿ ಮತ್ತು ಬೆಲ್ಲ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 560 ಕ್ಯಾಲೊರಿ ಶಕ್ತಿಯಿದೆ. ಬೆಲ್ಲ ಬೇಗ ರಕ್ತಕ್ಕೆ ಸೇರುತ್ತದೆ, ಕಡಲೆಕಾಯಿ ನಿಧಾನವಾಗಿ ಕಡೆಯವರೆಗೆ ಕಾಯುತ್ತದೆ. ಎರಡನೆಯ ದಿನದ ಹೊತ್ತಿಗೆ ಪೊಟ್ಟಣದವರೂ ನನ್ನ ಗಂಟಿಗೆ ಕೈಚಾಚಿದರು. ಬಂಡೆಯ ದೊಣೆಗಳಲ್ಲಿ ನಿಂತ ನೀರು ಕೋಟೆಯವರನ್ನು ಕಾಪಾಡಿತೆಂಬುದು ನಿಜ. ಆದರೆ ಈಗ ಅದನ್ನು ಕಾಯಿಸದೆ ಕುಡಿಯಲಾಗದು.

ಬೇರೆ ಅಪಾಯಗಳೂ ಉಂಟು. ಮಧುಗಿರಿಯ ಹೆಸರೇ ಜೇನನ್ನು ಹೇಳುತ್ತದೆ. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ಹೊಗೆ, ಕೂಗಾಟ, ಸುಗಂಧದ್ರವ್ಯ ಯಾವುದೂ ಸಲ್ಲದು. ಈ ಬೆಟ್ಟಗಳ ಗವಿಗಳಲ್ಲಿ ಕರಡಿಗಳಿವೆ, ಚಿರತೆಗಳೂ ಇವೆ. ಆದುದರಿಂದ ಮುಸ್ಸಂಜೆಗೆ ಮುಂಚೆ ಕೆಳಗಿರಬೇಕು. ಮಳೆ ಬಿದ್ದ ಬಂಡೆಯ ಮೇಲೆ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ತಿಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಸಿಡಿಲು. ಬೋಳು ಬೆಟ್ಟದ ಮೇಲೆ ನಿಂತ ಮನುಷ್ಯನೇ ಅಲ್ಲಿನ ಅತಿ ಎತ್ತರದ ವಸ್ತು. ಮಿಂಚು ಕಂಡೊಡನೆ ಎಣಿಸತೊಡಗಬೇಕು. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುವುದರಿಂದ, ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಸಿಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಬೆಟ್ಟ ಬಿಡಬೇಕು; ಕಡೆಯ ಗುಡುಗಾದ ಮೂವತ್ತು ನಿಮಿಷದವರೆಗೆ ಮತ್ತೆ ಏರಬಾರದು. ಇದು ಲೋಕಮಾನ್ಯವಾದ ನಿಯಮ.

ಈ ನಿಯಮವೇ ನಮ್ಮ ಪಂಥದ ಗತಿಯನ್ನು ನಿರ್ಧರಿಸಿತು. ಮೊದಲ ದಿನ ಚನ್ನರಾಯನದುರ್ಗ ಸುಖವಾಗಿ ಮುಗಿಯಿತು. ಎರಡನೆಯ ದಿನದ ಬೆಳಗ್ಗೆ ಮಧುಗಿರಿಯೂ ಮುಗಿಯಿತು. ನೆತ್ತಿಯ ಮೇಲಿನ ಪಾಳುಬಿದ್ದ ಗೋಪಾಲಕೃಷ್ಣ ದೇಗುಲದ ಬಳಿ ನಿಂತು ಕೆಳಗಿನ ಕೆರೆ, ಹೊಲ, ಊರುಗಳನ್ನು ನೋಡಿದ ಹತ್ತು ನಿಮಿಷಗಳನ್ನು ನಾನು ಮರೆಯಲಾರೆ. ಮಧ್ಯಾಹ್ನದ ಮೇಲೆ ಮಿಡಿಗೇಶಿ. ಹಿಮ್ಮಡಿ ಮುಟ್ಟುವ ಕೇಶರಾಶಿಯಿದ್ದ ರಾಣಿಯಿಂದ ಆ ಊರಿಗೆ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಮೂರು ಗಂಟೆಗೆ ಏರತೊಡಗಿದೆವು. ಅರ್ಧ ದಾರಿಯಲ್ಲಿ, ಕೋಟೆಯ ಒಂದು ಬಾಗಿಲ ಹತ್ತಿರ, ಪಡುವಣದಲ್ಲಿ ಮಿಂಚು ಕಂಡಿತು. ಮಾರ್ಗದರ್ಶಿ ನಿಂತು ಎಣಿಸಿದರು. ನಾವೂ ಮನಸ್ಸಿನಲ್ಲಿಯೇ ಎಣಿಸಿದೆವು. ಇಪ್ಪತ್ತೇಳಕ್ಕೆ ಗುಡುಗು ಕೇಳಿತು. ಎಂದರೆ ಒಂಬತ್ತು ಕಿಲೋಮೀಟರ್. ನೆತ್ತಿ ಕಣ್ಣೆದುರಿಗೇ ಇತ್ತು, ತಲೆಯ ಮೇಲೆ ಆಕಾಶ ಇನ್ನೂ ನೀಲಿಯಾಗಿತ್ತು. ಅವರು ಸೀಟಿ ಊದಿ, “ಇಳಿಯೋಣ” ಎಂದರು.

ಆಗ ಎದ್ದ ಗೊಂದಲವನ್ನು ಏನೆನ್ನಲಿ? ಮೂರು ಬೆಟ್ಟಗಳಿಗೆ ಹಣ ಕಟ್ಟಿದ್ದೇವೆ ಎಂದರು ಕೆಲವರು. ಇಪ್ಪತ್ತು ನಿಮಿಷದಲ್ಲಿ ಮುಟ್ಟಿ ಬರುತ್ತೇವೆ ಎಂದರು ಕೆಲವರು. ನನಗೂ ಮನಸ್ಸಿನಲ್ಲಿ ಸಂಕಟವೇ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಅರ್ಧಕ್ಕೆ ಬಿಡುವುದೆಂದರೆ ಏನೆಂಬುದನ್ನು ನನ್ನಂಥವರೇ ಬಲ್ಲರು. ಮಾರ್ಗದರ್ಶಿ ಯಾರೊಡನೆಯೂ ವಾದಿಸಲಿಲ್ಲ. “ಬೆಟ್ಟ ಎಲ್ಲಿಗೂ ಹೋಗಲ್ಲ” ಎಂದಷ್ಟೇ ಹೇಳಿ, ಎಲ್ಲರಿಗಿಂತ ನಿಧಾನವಾಗಿದ್ದವರನ್ನು ಮುಂದೆ ಬಿಟ್ಟು, ತಲೆ ಎಣಿಸುತ್ತ ಇಳಿಸಿದರು. ಬುಡ ಮುಟ್ಟಿದಾಗ ಮತ್ತೆ ಎಣಿಸಿದರು: ಇಪ್ಪತ್ತೆರಡು.

ಮಳೆ ಬರಲಿಲ್ಲ. ಮೋಡ ಪಕ್ಕಕ್ಕೆ ಸರಿದು ಗಡಿಯಾಚೆ ಆಂಧ್ರದ ಕಡೆಗೆ ಹೋಯಿತು. ಆದರೆ ಗುಡುಗು ನಿಂತು ಅರ್ಧ ಗಂಟೆ ಕಳೆಯುವ ಹೊತ್ತಿಗೆ, ಮತ್ತೆ ಏರಿ ಬೆಳಕಿರುವಾಗಲೇ ಇಳಿಯುವಷ್ಟು ಹೊತ್ತು ಉಳಿದಿರಲಿಲ್ಲ. ಬಸ್ಸಿನಲ್ಲಿ ಗೊಣಗಾಟ ಹೆಚ್ಚಾಯಿತು: “ಸುಮ್ಮನೆ ಇಳಿಸಿದರು.” ಈ ಮಾತನ್ನು ನಾನು ಬಹಳ ದಿನ ಆಲೋಚಿಸಿದ್ದೇನೆ. ಸಿಡಿಲು ಬಿದ್ದಿದ್ದರೆ ಆ ಮಾರ್ಗದರ್ಶಿ ದೇವರಾಗುತ್ತಿದ್ದರು, ಬೀಳಲಿಲ್ಲವಾಗಿ ಹೆದರುಪುಕ್ಕರಾದರು. ಆದರೆ ಬಾಗಿಲ ಬಳಿ ನಿಂತಾಗ ಅವರಿಗೆ ತಿಳಿದಿದ್ದದ್ದು ಎರಡು ಸಂದರ್ಭಗಳಲ್ಲಿಯೂ ಒಂದೇ: ಇಪ್ಪತ್ತೇಳು ಸೆಕೆಂಡು. ತೀರ್ಮಾನದ ಯೋಗ್ಯತೆಯನ್ನು ಅದರ ಫಲದಿಂದ ಅಳೆಯಲಾಗದು; ತೀರ್ಮಾನಿಸುವ ಗಳಿಗೆಯಲ್ಲಿ ಕೈಯಲ್ಲಿದ್ದ ತಿಳಿವಿನಿಂದ ಅಳೆಯಬೇಕು. ಮನೆಗೆ ಬಂದಾಗ ನನ್ನ ತಂದೆ, “ಮೂರಕ್ಕೆ ದುಡ್ಡು ಕಟ್ಟಿ ಎರಡೇ ಹತ್ತಿದೆಯಾ?” ಎಂದು ಕೇಳಿದರು. ನಡೆದುದನ್ನು ವಿವರಿಸಿದೆ. ಮಳೆ ನಂಬಿ ಕಡಲೆಕಾಯಿ ಬಿತ್ತುವ ರೈತರು ಅವರು. ಮೋಡ ನೋಡಿ ಬಿತ್ತಿ, ಮಳೆ ಬಾರದೆ ಹೋದ ವರ್ಷಗಳು ಅವರಿಗೆ ಎಷ್ಟೋ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಳಿಸಿದ್ದು ಸರಿ” ಎಂದರು. ಅಷ್ಟಕ್ಕೇ ನನ್ನ ಮನಸ್ಸಿನ ಸಂಕಟ ಇಳಿಯಿತು.

ಮಾರ್ಗದರ್ಶಿಯ ಕೆಲಸ ದಾರಿ ತೋರಿಸುವುದಷ್ಟೇ ಎಂದು ತಿಳಿಯುವವರು ಹಲವರು. ದಾರಿಯನ್ನು ಈಗ ಕೈಯಲ್ಲಿರುವ ಮೊಬೈಲೂ ತೋರಿಸೀತು. ಎಷ್ಟು ಹೊತ್ತಿಗೆ, ಎಲ್ಲಿದ್ದರೂ, ಹಿಂದಿರುಗಬೇಕೆಂಬುದನ್ನು ಹೊರಡುವ ಮುನ್ನವೇ ನಿಶ್ಚಯಿಸುವುದು. ಯಾರ ಮುಖ ಕೆಂಪಾಗಿದೆ, ಯಾರು ಮಾತು ನಿಲ್ಲಿಸಿದ್ದಾರೆ, ಯಾರ ಚಪ್ಪಲಿ ಸವೆದಿದೆ ಎಂಬುದನ್ನು ನೋಡುತ್ತಿರುವುದು. ಬಾಗಿಲು ಬಾಗಿಲಿಗೆ ತಲೆ ಎಣಿಸುವುದು. ಎಲ್ಲರಿಗೂ ಬೇಡವಾದ ಮಾತನ್ನು ಸಕಾಲದಲ್ಲಿ ಆಡುವುದು. ಇದು ಮಾರ್ಗದರ್ಶಿಯ ವಿದ್ಯೆ. ಬೆಟ್ಟದ ಪಂಥ ಏರಿದ ಬೆಟ್ಟಗಳ ಲೆಕ್ಕವಲ್ಲ, ಇಳಿದು ಬಂದ ಜನರ ಲೆಕ್ಕವೆಂಬುದೇ ನಾನು ಅಲ್ಲಿ ಕಲಿತ ಮುಖ್ಯ ಪಾಠ.

ಈ ವಿದ್ಯೆಗೆ ಇಂದು ಬೇಡಿಕೆ ಬಂದಿದೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಗೇ ಸಾವಿರಾರು ಚಾರಣಿಗರು ನುಗ್ಗಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅನಂತರ ಸರ್ಕಾರ ಕೆಲಕಾಲ ಚಾರಣಗಳನ್ನು ತಡೆದು, ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಮುಂಗಡ ಟಿಕೆಟ್ಟಿನ ಏರ್ಪಾಡು ಮಾಡಿತು. ದಿನಕ್ಕೆ ಇಷ್ಟೇ ಜನವೆಂಬ ಮಿತಿಯೂ ಬಂತು. ಜನ ಬರುವುದು ನಿಲ್ಲುವುದಿಲ್ಲ. ಬರುವವರನ್ನು ಕರೆದೊಯ್ಯುವವರು ಯಾರು ಎಂಬುದೇ ಪ್ರಶ್ನೆ. 22 ಮಂದಿಯಲ್ಲಿ ಮೂವರೆಂದು ಮೊದಲಿಗೆ ಹೇಳಿದ್ದು ಈ ಕಾರಣಕ್ಕೆ. ನಮ್ಮ ಬೆಟ್ಟಗಳಿಗೆ ಹೊರಗಿನವರು ಬರುವುದು ಸಂತೋಷ. ಆದರೆ ಮುಂದೆ ನಡೆಯುವ ಮಾರ್ಗದರ್ಶಿಯೂ ಹೊರಗಿನವನಾಗಿ, ಕೋಲು ತಟ್ಟಿ ಬಂಡೆಯ ಸದ್ದು ತಿಳಿಯಬಲ್ಲ ನಮ್ಮೂರಿನ ಹಿರಿಯರು ನೀರಿನ ಡಬ್ಬ ಹೊರುವವರಷ್ಟೇ ಆಗಿ ಉಳಿದರೆ ಅದು ನಮಗೆ ಗೌರವವಲ್ಲ. ಅವರ ತಿಳಿವು ಅವರೊಡನೆಯೇ ಮುಗಿದುಹೋಗುತ್ತದೆ. ಪದವಿ ಪಡೆದ ನಾವು ಕೆಲಸವಿಲ್ಲವೆಂದು ಬೆಂಗಳೂರಿನ ಬಸ್ಸು ಹತ್ತುತ್ತೇವೆ, ಬೆಂಗಳೂರಿನವರು ಬೆಟ್ಟ ಹತ್ತಲು ನಮ್ಮೂರಿನ ಬಸ್ಸಿನಲ್ಲಿ ಬರುತ್ತಾರೆ!

ಇದಕ್ಕೆ ಪರಿಹಾರ ನಮ್ಮ ಕೈಗೆಟುಕದ್ದೇನಲ್ಲ. ರಾಜ್ಯದ ಯುವಜನ ಇಲಾಖೆಯ ಆಶ್ರಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ. ಚಾರಣ, ಶಿಲಾರೋಹಣಗಳಲ್ಲಿ ಅಲ್ಲಿ ಶಿಕ್ಷಣ ದೊರೆಯುತ್ತದೆ. ನಮ್ಮ ಕಾಲೇಜಿನ ಎನ್.ಸಿ.ಸಿ., ಎನ್.ಎಸ್.ಎಸ್. ಘಟಕಗಳಿಂದ ವರ್ಷಕ್ಕೆ ನಾಲ್ಕಾರು ಮಂದಿಯನ್ನಾದರೂ ಆರಿಸಿ ಪ್ರಥಮ ಚಿಕಿತ್ಸೆಯಲ್ಲಿಯೂ ಚಾರಣದಲ್ಲಿಯೂ ತರಬೇತು ಕೊಡಿಸಬಹುದು. ಇತಿಹಾಸ ವಿಭಾಗದ ಅಧ್ಯಾಪಕರು ಕೋಟೆಗಳ ಕಥೆಯನ್ನೂ, ಭೂಗೋಳ ವಿಭಾಗದವರು ಬಂಡೆಯ ಕಥೆಯನ್ನೂ ಹೇಳಿಕೊಟ್ಟರೆ, ಮೇಕೆ ಕಾಯುವ ಹಿರಿಯರು ಉಳಿದುದನ್ನು ಕಲಿಸಿಯಾರು. ಬೆಂಗಳೂರಿಗೆ ನವದುರ್ಗಗಳಿದ್ದರೆ ನಮಗೂ ಒಂದು ಪಂಚಗಿರಿ ಇರಲಿ: ಮಧುಗಿರಿ, ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡ, ಮತ್ತು ಒಂದು ಕಾಲಕ್ಕೆ ಚೋಳರ ಶಾಖೆಯೊಂದು ನೆಲೆಸಿ ಆಳಿದ ನಿಡಗಲ್ಲು. ಐದನ್ನೂ ಎರಡು ದಿನದಲ್ಲಿ ಮುಗಿಸುವ ಅವಸರ ಬೇಡ. ಬಿ.ಎ. ತರಗತಿಯ ಮೂರು ವರ್ಷಗಳಲ್ಲಿ ಐದು ಬೆಟ್ಟ. ವಿದ್ಯಾರ್ಥಿನಿಯರೂ ಸೇರಿ, ತಲೆ ಎಣಿಸಿ ಏರಿ, ತಲೆ ಎಣಿಸಿ ಇಳಿಯೋಣ. ಪದವಿಯೊಡನೆ ಅದೂ ಒಂದು ಪದವಿಯಾದೀತು.

ಈ ವರ್ಷದ ಕೊನೆಗೆ ನಾನು ಕಾಲೇಜನ್ನು ಬಿಡುವವನು. ನನಗೆ ದೊರೆತ ಪ್ರಮಾಣಪತ್ರದಲ್ಲಿ “ಮೂರರಲ್ಲಿ ಎರಡು” ಎಂದು ಬರೆದಿದೆ. ಉಳಿದ ಒಂದನ್ನು ಏರಲು ನಮ್ಮ ಕಾಲೇಜಿನ ತಂಡವೇ ಹೊರಡುವುದಾದರೆ ಎಲ್ಲರಿಗಿಂತ ಹಿಂದೆ ನಡೆಯುವ ಸಹಾಯಕನ ಕೆಲಸಕ್ಕೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬೇಕೆಂದು ಮಿತ್ರರಲ್ಲಿ ವಿನಂತಿ.